ಮಾಳಮ್ಮನ ‘ಐತಿ’

ಮಾಳಮ್ಮ ಸೋತಿರಲಿಲ್ಲ. ಸೋತಳು ಎಂದು ಹೇಳಿದವಳು ನಾನು.

ಅವಳಿಗೆ ಹಾಗೆ ಹೇಳಿದೆ. ಅವಳ ಅಪ್ಪನಿಗೆ ಹೇಳಿದೆ, ಊರಿಗೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನಾನೂ ಅರ್ಧ ನಂಬಿಬಿಟ್ಟೆ. ಅರ್ಧ ಮಾತ್ರ — ಪೂರ್ತಿ ನಂಬಿದ್ದರೆ ಇವತ್ತು ಇದನ್ನು ಬರೆಯುವ ಪಾಡು ಬರುತ್ತಿರಲಿಲ್ಲ. ಇಪ್ಪತ್ತು ವರ್ಷದ ಮೇಲಾಯಿತು. ಈ ನಡುವೆ ನಾನು ನಿವೃತ್ತಳಾದೆ, ಶಾಲು ಹೊದಿಸಿಕೊಂಡೆ, ‘ಮಕ್ಕಳ ನಾಲಿಗೆ ತಿದ್ದಿದ ತಾಯಿ’ ಎಂದು ಹೊಗಳಿಸಿಕೊಂಡೆ. ಹೊಗಳಿದವರು ಒಳ್ಳೆಯವರು, ಅವರಿಗೇನೂ ಗೊತ್ತಿರಲಿಲ್ಲ. ತಿದ್ದಿದ್ದೇ ನನ್ನ ತಪ್ಪು ಎಂದು ಅವತ್ತು ಎದ್ದು ನಿಂತು ಹೇಳಬಹುದಾಗಿತ್ತು. ಹೇಳಲಿಲ್ಲ. ಹಾರ ಕೊರಳಲ್ಲಿದ್ದಾಗ ಬಾಯಿ ಬರುವುದಿಲ್ಲ.

ಕೂಡ್ಲಿಗಿ ತಾಲ್ಲೂಕಿನಲ್ಲಿ, ಗುಡೇಕೋಟೆಯ ಕಡೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬೇಡ, ಊರಿನದೇನೂ ತಪ್ಪಿಲ್ಲ. ಅಲ್ಲಿಯ ಶಾಲೆಯಲ್ಲಿ ನಾನು ಹದಿನಾರು ವರ್ಷ ಕನ್ನಡ ಕಲಿಸಿದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ‘ಅಕ್ಕೋರು’ ಎನ್ನುತ್ತಾರೆ. ಹಾಗಾಗಿ ಊರಿಗೆಲ್ಲ ನಾನು ಅಕ್ಕೋರು. ನನಗಿದ್ದ ಚಟ ಒಂದೇ, ತಿದ್ದುವುದು. ಮದುವೆ ಕಾಗದ ಕೊಟ್ಟರೆ ಮುಹೂರ್ತ ನೋಡುವ ಮೊದಲು ಒತ್ತಕ್ಷರ ನೋಡುತ್ತಿದ್ದೆ. ಕೊಟ್ಟೂರಿನಲ್ಲಿ ಒಬ್ಬ ಹೋಟೆಲ್ಲಿನವನು ಹಲಗೆಯ ಮೇಲೆ ‘ವಗ್ಗರಣಿ ಮಿರ್ಚಿ’ ಎಂದು ಬರೆಸಿದ್ದ. “ವಗ್ಗರಣಿ ಅಲ್ಲಪ್ಪ, ಒಗ್ಗರಣೆ” ಎಂದೆ. ಅವನು ಬಾಣಲೆಯಿಂದ ಕಣ್ಣು ಕೀಳದೆ, “ಹಂಗ ಬರದ್ರ ರುಚಿ ಬದಲಾಗ್ತೈತೇನ್ರಿ ಅಕ್ಕೋರೆ?” ಎಂದು ಕೇಳಿದ. ಎಂಥ ದಡ್ಡ ಎಂದುಕೊಂಡು ಬಂದೆ. ಅವನು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಾಗುವಷ್ಟರಲ್ಲಿ ನಾನು ಮಾಡುವುದನ್ನೆಲ್ಲ ಮಾಡಿ ಮುಗಿಸಿದ್ದೆ.

ಈ ಚಟ ಎಲ್ಲಿಂದ ಬಂತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಕ್ಷಮೆಗಾಗಿ ಅಲ್ಲ. ಮುಚ್ಚಿಟ್ಟರೆ ಅದೂ ಒಂದು ಸುಳ್ಳಾಗುತ್ತದೆ ಎಂದು.

ನಾನು ಹಡಗಲಿ ತಾಲ್ಲೂಕಿನ ಹೊಳಲಿನವಳು. ಶಿಕ್ಷಕಿ ತರಬೇತಿಗೆ ದಕ್ಷಿಣದ ಒಂದು ದೊಡ್ಡ ಊರಿಗೆ ಹೋದೆ. ಮೊದಲ ದಿನ ಹಾಜರಿ ಕೂಗಿದರು. ಎಲ್ಲರೂ ‘ಇದ್ದೇನೆ ಸಾರ್’ ಎನ್ನುತ್ತಿದ್ದರು. ನನ್ನ ಹೆಸರು ಬಂದಾಗ ಎದ್ದು ನಿಂತು, ಮನೆಯಲ್ಲಿ ಹೇಗೋ ಹಾಗೇ, “ಅದೀನ್ರಿ” ಎಂದೆ. ಕೊಠಡಿಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ಅವತ್ತಿನಿಂದ ಹಾಸ್ಟೆಲ್ಲಿನಲ್ಲಿ ನನ್ನ ಹೆಸರೇ ‘ಅದೀನ್ರಿ’. ನೀರಿನ ಸಾಲಿನಲ್ಲಿ ‘ಅದೀನ್ರಿ ಬಂದಳು’, ಊಟದ ಸಾಲಿನಲ್ಲಿ ‘ಅದೀನ್ರಿಗೆ ಮುದ್ದೆ ಬೇಡವಂತೆ, ರೊಟ್ಟಿ ಬೇಕಂತೆ’. ಕೆಟ್ಟವರೇನಲ್ಲ ಆ ಹುಡುಗಿಯರು, ತಮಾಷೆ ಅವರಿಗೆ. ನಾನು ಮಾತ್ರ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ‘ಇದೆ, ಇದ್ದಾನೆ, ಇದ್ದಾಳೆ’ ಎಂದು ಬಾಯಿಪಾಠ ಮಾಡಿದೆ. ಎರಡು ವರ್ಷದಲ್ಲಿ ನನ್ನ ಬಾಯಿಂದ ಹೊಳಲು ಹೊರಟುಹೋಯಿತು. ರಜೆಗೆ ಹೋದಾಗ ಅವ್ವ ಒಂದು ಸಲ, “ನಮ್ಮ ಹುಡುಗಿ ಬೀಗರ ಮನಿಗೆ ಬಂದಾರ ಹಂಗ ಮಾತಾಡ್ತಾಳ” ಎಂದಳು. ಅದನ್ನು ನಾನು ಹೊಗಳಿಕೆ ಎಂದುಕೊಂಡೆ.

ಹೀಗೆ ಗೆದ್ದು ಬಂದವಳ ಕೈಗೆ ಸರಕಾರ ಕೆಂಪು ಶಾಯಿಯ ಪೆನ್ನು ಕೊಟ್ಟಿತು.

ಮಾಳಮ್ಮ ಐದನೆಯ ತರಗತಿಯಲ್ಲಿದ್ದಳು. ಕುರಿಯವರ ಮನೆಯ ಹುಡುಗಿ. ಅವಳು ಸಣ್ಣವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು, ಅಪ್ಪ ಬೀರಪ್ಪನೇ ಎಲ್ಲ. ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ ಅಪ್ಪನ ಜೊತೆ ಗುಡ್ಡಕ್ಕೆ ಹೋಗುವವಳು. ತರಗತಿಯಲ್ಲಿ ಅವಳ ಬಾಯಿ ಕಾಣುತ್ತಿರಲಿಲ್ಲ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಹಾಜರಿ ಪುಸ್ತಕ ತುಂಬುತ್ತ ಕೂತಿದ್ದಾಗ ಗುಡ್ಡದ ಕಡೆಯಿಂದ ಒಂದು ಧ್ವನಿ ಬಂತು. ಹಾಡು ಅನ್ನಲೋ, ಕೂಗು ಅನ್ನಲೋ —

ಮಳಿ ಎಲ್ಲೈತಿ? ಮುಗಿಲಾಗೈತಿ.
ಮುಗಿಲೆಲ್ಲೈತಿ? ಗುಡ್ಡದ ಮ್ಯಾಲೈತಿ.
ಗುಡ್ಡ ಎಲ್ಲೈತಿ? ಕುರಿ ಹಿಂದೈತಿ.
ಕುರಿ ಎಲ್ಲೈತಿ? ನನ್ನ ಕೂಗಿನಾಗೈತಿ.

ಇಷ್ಟೇ. ಆದರೆ ಪ್ರತಿ ಸಾಲಿನ ಕೊನೆಯ ‘ತಿ’ ಅಲ್ಲಿಗೆ ನಿಲ್ಲುತ್ತಿರಲಿಲ್ಲ. ‘ಐತೀ—’ ಎಂದು ಎದ್ದು, ಗುಡ್ಡ ಹತ್ತಿ, ಆ ಕಡೆ ಇಳಿದು ಎಲ್ಲೋ ಹೋಗುತ್ತಿತ್ತು. ಕುರಿಯನ್ನು ದೂರದಿಂದ ಕರೆಯುವವರು ಹಾಗೇ ಕೂಗುತ್ತಾರೆ, ‘ಈ’ ಎಂಬ ಸ್ವರ ದೂರ ಹೋಗುತ್ತದೆ ಎಂದು. ಪೆನ್ನು ಕೈಯಲ್ಲೇ ಇತ್ತು, ಅವತ್ತಿನ ಹಾಜರಿ ತಪ್ಪು ತುಂಬಿದೆ. ಹಾಡು ಯಾರು ಕಲಿಸಿದರು ಎಂದು ಸೋಮವಾರ ಮಾಳಮ್ಮನನ್ನು ಕೇಳಿದೆ. “ಯಾರೂ ಕಲಿಸಿಲ್ರಿ. ಕುರಿ ಎಣಿಸಾಗ ಬ್ಯಾಸರ ಆಗ್ತಿತ್ರಿ, ನಾನ ಕಟ್ಟೀನ್ರಿ” ಎಂದಳು. ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ನಿಂತಿದ್ದಳು.

ಆ ದಿನಗಳಲ್ಲೇ ಪೇಪರಿನಲ್ಲಿ ಒಂದು ಪ್ರಕಟಣೆ ಬಂದಿತ್ತು. ಹೊರದೇಶದಲ್ಲಿ ಮಕ್ಕಳ ಹಾಡಿನ ಸ್ಪರ್ಧೆ, ಟಿ.ವಿ.ಯಲ್ಲಿ ಹತ್ತಾರು ದೇಶಗಳಿಗೆ ಪ್ರಸಾರ. ಒಂದು ದೇಶಕ್ಕೆ ಒಂದು ಮಗು. ನಮ್ಮ ದೇಶದ ಮಗುವನ್ನು ಆರಿಸಲು ಕ್ಯಾಸೆಟ್ ಕಳಿಸಿ ಎಂದಿದ್ದರು. ಎರಡು ನಿಯಮ. ಹಾಡು ಮಗು ತಾನೇ ಕಟ್ಟಿದ್ದಾಗಿರಬೇಕು, ಮತ್ತು ಮಗು ತನ್ನ ಮನೆಯ ಮಾತಿನಲ್ಲಿ ಹಾಡಬೇಕು. ‘ಮನೆಯ ಮಾತು’ — ಇದೇ ಪದ. ನಾನು ಕನ್ನಡದ ಅಕ್ಕೋರು, ಓದಿದೆ, ಮನೆಯ ಮಾತು ಎಂದರೆ ಕನ್ನಡ ಎಂದು ಅರ್ಥ ಮಾಡಿಕೊಂಡೆ. ಯಾರ ಮನೆಯ ಕನ್ನಡ ಎಂದು ಯೋಚಿಸಲಿಲ್ಲ.

ಶಾಲೆಯ ಟೇಪ್ ರೆಕಾರ್ಡರ್ ಬೀರುವಿನಿಂದ ಇಳಿಸಿ, ಧೂಳು ಒರೆಸಿ, ಮಾಳಮ್ಮನನ್ನು ಕೂರಿಸಿದೆ. ಗೋಡೆ ನೋಡಿದರೆ ಅವಳಿಗೆ ಹಾಡು ಬರಲಿಲ್ಲ. ಕಿಟಕಿ ತೆರೆದು ಗುಡ್ಡ ತೋರಿಸಿದ ಮೇಲೆ ಬಂತು. ಎರಡು ಕ್ಯಾಸೆಟ್ಟಿನಲ್ಲಿ ಎರಡು ಸಲ ಹಾಡಿಸಿದೆ. ಮೊದಲನೆಯದರಲ್ಲಿ ಹೊರಗೆ ಕೋಳಿ ಕೂಗಿತ್ತು, ಅದನ್ನು ಇಟ್ಟುಕೊಂಡು ಎರಡನೆಯದನ್ನು ಅಂಚೆಗೆ ಹಾಕಿದೆ. ಅರ್ಜಿಯಲ್ಲಿ ಹಾಡನ್ನು ಬರೆಯಬೇಕಿತ್ತು. ಬರೆಯುವಾಗ ಕೈ ತಾನೇ ತಿದ್ದಿಕೊಂಡು ಹೋಯಿತು. ಮಳೆ ಎಲ್ಲಿದೆ, ಮುಗಿಲಿನಲ್ಲಿದೆ... ಕೆಳಗೆ ‘ಭಾಷಾ ಪರಿಷ್ಕರಣೆ’ ಎಂದು ಬರೆದು ನನ್ನ ಹೆಸರು ಹಾಕಿದೆ. ಆ ಅರ್ಜಿಯಲ್ಲಿ ಅಂಥ ಕಾಲಮ್ಮೇ ಇರಲಿಲ್ಲ. ಜಾಗ ಮಾಡಿಕೊಂಡೆ.

ಎರಡು ತಿಂಗಳಿಗೆ ಕಾಗದ ಬಂತು. ಮಾಳಮ್ಮನನ್ನು ಬೆಂಗಳೂರಿಗೆ ಕರೆದಿದ್ದರು. ಅಲ್ಲಿ ಹಾಡಿದವರಲ್ಲಿ ಒಬ್ಬರು ಹೊರದೇಶಕ್ಕೆ.

ಊರು ಕುಣಿಯಿತು. ಬೀರಪ್ಪ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ನನ್ನ ಬಾಡಿಗೆ ಮನೆಯ ಕಟ್ಟೆಯ ಮೇಲೆ ಬಂದು ಕೂತ. ಒಳಗೆ ಬಾ ಎಂದರೆ ಬರಲಿಲ್ಲ. “ಅಲ್ಲಿ ಕುರಿ ಅದಾವೇನ್ರಿ?” ಎಂದ.

“ಇರಬೇಕು ಬೀರಪ್ಪ. ಅಲ್ಲಿಯ ಕುರಿಗೆ ಉಣ್ಣೆ ಜಾಸ್ತಿಯಂತೆ.”

“ಹಂಗಾದ್ರ ಆಕಿಗೆ ಬ್ಯಾಸರ ಆಗಂಗಿಲ್ಲ ಬಿಡ್ರಿ.” ನಕ್ಕ. ಆಮೇಲೆ ಮುಖ ಗಂಭೀರವಾಯಿತು. “ನಾ ಹಿಂಡು ಬಿಟ್ಟು ಬರಾಕ ಆಗಂಗಿಲ್ರಿ ಅಕ್ಕೋರೆ. ತಾಯಿಲ್ಲದ ಕೂಸು. ನಿಮ್ಮ ಉಡಿಯಾಗ ಹಾಕೀನ್ರಿ.”

ಉಡಿಯಲ್ಲಿ ಹಾಕುವುದು, ಮಡಿಲಿಗೆ ಒಪ್ಪಿಸುವುದು ಎಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಹೂಂ ಎಂದೆ.

ಹೋಗಲು ಹನ್ನೆರಡು ದಿನ ಇತ್ತು. ಆ ಹನ್ನೆರಡು ದಿನ ನಾನು ಅವಳಿಗೆ ‘ಇದೆ’ ಕಲಿಸಿದೆ.

ಹಾಡುತ್ತಾಳೆ, ‘ಐತಿ’ ಎನ್ನುತ್ತಾಳೆ, ನಿಲ್ಲಿಸುತ್ತೇನೆ. ಮತ್ತೆ ಶುರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೆರಳು ಎತ್ತುತ್ತಿದ್ದೆ, ಅಷ್ಟೇ. ಕೆಲವು ದಿನದಲ್ಲಿ ಬೆರಳು ಎತ್ತುವ ಮೊದಲೇ ಅವಳು ಬಾಯಿ ಮುಚ್ಚಿಕೊಳ್ಳುವಂತಾದಳು. ನಾಲ್ಕನೆಯ ದಿನವೋ ಐದನೆಯ ದಿನವೋ ಧೈರ್ಯ ಮಾಡಿ ಹೇಳಿದಳು:

“ಅಕ್ಕೋರೆ, ಇದೆ ಅಂದ್ರ ಬಾಯಿ ಮುಚ್ಕಂತೈತ್ರಿ. ಕೂಗು ಮ್ಯಾಕ ಹೋಗವಲ್ದು.”

“ಅಭ್ಯಾಸ ಆದರೆ ಹೋಗುತ್ತದೆ.”

“ನಿನ್ನಿ ಗುಡ್ಡದಾಗ ಹಾಡಿದೆನ್ರಿ, ನೀವು ಹೇಳಿದಂಗ. ಕುರಿ ತಿರುಗಿ ನೋಡ್ಲಿಲ್ರಿ.”

ಹನ್ನೊಂದು ವರ್ಷದ ಕೂಸು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬೇಕಿತ್ತು? ಸಂಗೀತ ಬಲ್ಲವರು ಹತ್ತು ಪುಟದಲ್ಲಿ ಬರೆಯುವುದನ್ನು ಅವಳು ಮೂರೇ ಮಾತಿನಲ್ಲಿ ಹೇಳಿದ್ದಳು. ನಾನು ನಕ್ಕೆ. “ನೀನು ಕುರಿಗೆ ಹಾಡುವುದಲ್ಲ ಮಾಳಿ, ಜಗತ್ತಿಗೆ ಹಾಡುವುದು. ಐತಿ ಗೈತಿ ಅಂದರೆ ನಗುತ್ತಾರೆ” ಎಂದೆ. ಹಾಗೆ ಹೇಳುವಾಗ ನನ್ನ ಕಣ್ಣೆದುರು ಇದ್ದದ್ದು ಜಗತ್ತಲ್ಲ — ಹಾಜರಿ ಕೂಗಿದ ಆ ಕೊಠಡಿ. ಅವಳನ್ನು ಆ ನಗೆಯಿಂದ ಕಾಪಾಡುತ್ತಿದ್ದೇನೆ ಎಂದು ನಿಜವಾಗಿ ನಂಬಿದ್ದೆ. ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಗೆ ತಾನು ಕಾಯುತ್ತಿದ್ದೇನೆ ಎಂದೇ ಅನಿಸುತ್ತಿರಬೇಕು.

ಬೆಂಗಳೂರಿನಲ್ಲಿ ಒಂದು ಸಭಾಂಗಣ. ಬಣ್ಣದ ದೀಪ, ಕ್ಯಾಮೆರಾ, ಲಂಗ ದಾವಣಿ ಉಟ್ಟ ಪೇಟೆಯ ಮಕ್ಕಳು, ಅವರ ಬೆನ್ನಿಗೆ ತಾಯಂದಿರು. ಮಾಳಮ್ಮ ನಾನು ಹೊಲಿಸಿದ ಹಸಿರು ಲಂಗದಲ್ಲಿ ಮೈಕಿನ ಮುಂದೆ ನಿಂತಳು. ಮೈಕು ಅವಳಿಗಿಂತ ಗೇಣು ಎತ್ತರ ಇತ್ತು, ಯಾರೋ ಬಂದು ಇಳಿಸಿದರು. ಶುರು ಮಾಡಿದಳು. ಮಳೆ ಎಲ್ಲಿದೆ, ಮುಗಿಲಿನಲ್ಲಿದೆ. ಶುದ್ಧವಾಗಿತ್ತು. ಪಾಠ ಒಪ್ಪಿಸಿದ ಹಾಗಿತ್ತು. ಮೂರನೆಯ ಸಾಲಿಗೆ ಬಂದಾಗ ಅವಳನ್ನು ಮೀರಿ ಧ್ವನಿ ಎದ್ದಿತು — “ಗುಡ್ಡ ಎಲ್ಲೈ—”

ಸಭಾಂಗಣದಲ್ಲಿ ತಲೆಗಳು ಮೇಲೆದ್ದವು. ಅದೊಂದೇ ಅರ್ಧ ಮಾತಿಗೆ. ನಾನು ಕಂಡೆ.

ಮಾಳಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನನ್ನ ಕಡೆ ನೋಡಿದಳು. ನಾನು ಬೆರಳು ಎತ್ತಿದೆ. ಎತ್ತಿದ್ದು ನನಗೇ ಗೊತ್ತಾಗಲಿಲ್ಲ, ಅಷ್ಟು ಅಭ್ಯಾಸವಾಗಿತ್ತು. ಅವಳು ಗಂಟಲು ಸರಿಮಾಡಿಕೊಂಡು, “ಗುಡ್ಡ ಎಲ್ಲಿದೆ” ಎಂದು ಸಣ್ಣ ದನಿಯಲ್ಲಿ ಉಳಿದದ್ದನ್ನು ಮುಗಿಸಿ ಇಳಿದು ಬಂದಳು.

ಮುಖ ತೊಳೆದುಕೊಂಡು ಬರುತ್ತೇನೆಂದು ಅವಳು ಹಿಂದಿನ ನಲ್ಲಿಗೆ ಹೋದಳು. ಆಗ ಆರಿಸುವವರಲ್ಲಿ ಒಬ್ಬ ಹಿರಿಯ ಹೆಂಗಸು ಹೊರಗೆ ಬಂದು ನನ್ನನ್ನು ಹುಡುಕಿದರು. ಕೈಯಲ್ಲಿ ನಾವು ಕಳಿಸಿದ ಕ್ಯಾಸೆಟ್ಟಿತ್ತು.

“ಮೇಡಂ, ಇದರಲ್ಲಿರೋ ಹಾಡು ಎಲ್ಲಿ ಹೋಯ್ತು? ಆ ಮಗೂನ ಕರೆಸಿದ್ದೇ ಈ ‘ಐತೀ’ಗೆ. ನಡುವೆ ಒಂದು ಸಲ ಬಂತು ನೋಡಿ, ಅದೇ. ಸಾಯಂಕಾಲ ನಾಲ್ಕಕ್ಕೆ ಇನ್ನೊಂದ್ಸಲ ಹಾಡಿಸಿ. ಕ್ಯಾಸೆಟ್ಟಲ್ಲಿ ಹೇಗಿದೆಯೋ ಹಾಗೇ.”

ಇಲ್ಲಿಗೆ ಬಂದಾಗಲೆಲ್ಲ ನನ್ನ ಬರವಣಿಗೆ ನಿಲ್ಲುತ್ತದೆ. ಎಷ್ಟೋ ಸಲ ಬರೆದು ಹರಿದಿದ್ದೇನೆ. ಆ ಹೆಂಗಸು ನಗುತ್ತಿದ್ದರು, ಕಣ್ಣಲ್ಲಿ ಆಸೆಯಿತ್ತು. ‘ಆಗಲಿ’ ಎಂದಿದ್ದರೆ ಸಾಕಿತ್ತು. ಮಾಳಮ್ಮನಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಿರಲಿಲ್ಲ, ಬೆರಳು ಕೆಳಗಿಳಿಸಿದ್ದರೆ ಸಾಕಿತ್ತು. ನಾನು ಹೇಳಿದ್ದು ಇದು:

“ಅದು ತಪ್ಪು ಕನ್ನಡ ಮೇಡಂ. ಅವಳಿಗೆ ಈಗ ಅದು ಮರೆತುಹೋಗಿದೆ.”

ಅವರು ನನ್ನ ಮುಖವನ್ನೇ ನೋಡಿದರು. “ಅವಳ ಮಾತು ಅವಳಿಗೆ ಮರೆತುಹೋಯ್ತಾ?” ಎಂದರು. ಆಮೇಲೆ, “ನಾಲ್ಕು ಗಂಟೆವರೆಗೆ ಕಾಯ್ತೀವಿ. ಒಂದ್ಸಲ ಕೇಳಿ ನೋಡಿ ಅವಳನ್ನ” ಎಂದು, ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದುಕೊಟ್ಟು ಒಳಗೆ ಹೋದರು.

ಯಾಕೆ ಹಾಗೆ ಹೇಳಿದೆ? ಹೆದರಿದೆ. ಆ ಹೆಂಗಸಿಗಲ್ಲ, ಮಾಳಮ್ಮನಿಗೆ. ಅವಳು ವೇದಿಕೆಗೆ ಹೋಗಿ ‘ಐತೀ—’ ಎಂದು ಹಾಡಿ ಜನ ಚಪ್ಪಾಳೆ ತಟ್ಟಿದರೆ, ಇಳಿದು ಬಂದು ನನ್ನನ್ನು ನೋಡಿದರೆ — ಅವಳೇನೂ ಅನ್ನುತ್ತಿರಲಿಲ್ಲ. ಆದರೆ ನಾನು ನಲ್ಲಿ ಬಿಟ್ಟುಕೊಂಡು ಎರಡು ವರ್ಷ ಮಾಡಿದ ಬಾಯಿಪಾಠ, ಅವ್ವನ ಮಾತು ಬಿಟ್ಟದ್ದು, ಅಷ್ಟು ವರ್ಷದ ಕೆಂಪು ಶಾಯಿ — ಎಲ್ಲ ಒಂದು ಕುರಿಯವರ ಹುಡುಗಿಯ ಒಂದು ಕೂಗಿಗೆ ಹುಸಿಯಾಗಿಬಿಡುತ್ತಿತ್ತು. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಅದಕ್ಕೆ ಅವಳನ್ನು ಬಲಿಕೊಟ್ಟೆ. ಬಲಿ ಎಂದೇ ಬರೆಯುತ್ತೇನೆ, ಬೇರೆ ಮೆದು ಪದ ಹುಡುಕುವುದಿಲ್ಲ.

ಮಾಳಮ್ಮ ಒದ್ದೆ ಮುಖ ಲಂಗಕ್ಕೆ ಒರೆಸಿಕೊಳ್ಳುತ್ತ ಬಂದು, “ಏನಂದ್ರು ಅಕ್ಕೋರೆ?” ಎಂದಳು.

“ಆಗಲಿಲ್ಲ ಮಾಳಿ. ನಡುವೆ ‘ಐತಿ’ ಅಂದುಬಿಟ್ಟೆಯಲ್ಲ, ಅದಕ್ಕೇ.”

ನೋಡಿ, ಸೋತೆ ಎಂದಷ್ಟೇ ಹೇಳಿ ಬಿಡಬಹುದಾಗಿತ್ತು. ಬಿಡಲಿಲ್ಲ. ಅವರು ಯಾವುದಕ್ಕೆ ಮೆಚ್ಚಿದ್ದರೋ ಅದನ್ನೇ ಅವಳ ತಪ್ಪು ಮಾಡಿದೆ.

“ತಪ್ಪಾತ್ರಿ ಅಕ್ಕೋರೆ,” ಎಂದಳು. “ಬಾಯಾಗ ಬಂದುಬಿಡ್ತ್ರಿ. ಹನ್ನೆರಡು ದಿನ ಕಲಿಸಿದ್ರಿ ನೀವು.”

ಅವಳು ನನ್ನ ಕ್ಷಮೆ ಕೇಳಿದಳು.

ಮಧ್ಯಾಹ್ನದ ಬಸ್ಸು ಹತ್ತಿದೆವು. ಅವಳು ನನ್ನ ಹೆಗಲಿಗೆ ತಲೆ ಇಟ್ಟು ಮಲಗಿದಳು. ನಾಲ್ಕು ಗಂಟೆಗೆ ಬಸ್ಸು ಹಿರಿಯೂರಿನಲ್ಲಿ ನಿಂತಿತ್ತು. ಕಿಟಕಿಯಿಂದ ನೋಡಿದರೆ ಎದುರಿಗೇ ಹಳದಿ ಹಲಗೆಯ ಎಸ್‌ಟಿಡಿ ಬೂತು. ಚೀಟಿ ಪರ್ಸಿನಲ್ಲಿತ್ತು. ಇಳಿದೆ ಕೂಡ. ಇಳಿದು ಅವಳಿಗೆ ಬಿಸ್ಕತ್ತು ತಂದೆ.

ಊರಿಗೆ ಬಂದು ಬೀರಪ್ಪನಿಗೆ ಹೇಳಿದಾಗ ಅವನು ಮಗಳ ತಲೆ ಸವರಿ, “ಹೊರದೇಶದಾರಿಗೆ ಬ್ಯಾಡಾದ್ರ ಏನಾತ್ರಿ? ನಮ್ಮ ಕುರಿಗೆ ಬೇಕಲ್ರಿ ಆಕಿ ಹಾಡು” ಎಂದ. ನನ್ನ ಮೇಲೆ ಒಂದಿಷ್ಟೂ ಬೇಸರ ಮಾಡಿಕೊಳ್ಳಲಿಲ್ಲ. ಮರುದಿನ ಒಂದು ತಂಬಿಗೆ ಹಾಲು ಕಳಿಸಿದ. ಆ ಹಾಲು ಕುಡಿದೆನೋ ಚೆಲ್ಲಿದೆನೋ ನೆನಪಿಲ್ಲ ಎಂದು ಬರೆಯೋಣ ಎಂದಿದ್ದೆ. ನೆನಪಿದೆ. ಚಹಾ ಮಾಡಿಕೊಂಡು ಕುಡಿದೆ.

ಆದರೆ ಕುರಿಗೂ ಹಾಡು ಸಿಗಲಿಲ್ಲ. ಆಮೇಲೆ ಎಷ್ಟೋ ಶನಿವಾರ ಹಾಜರಿ ತುಂಬುತ್ತ ಕಿವಿಗೊಟ್ಟು ಕೂತೆ. ಗುಡ್ಡದಿಂದ ಬಂದದ್ದು ಸಿಳ್ಳೆ. ಬಾಯಲ್ಲಿ ಎರಡು ಬೆರಳು ಇಟ್ಟು ಹೊಡೆಯುವ ಸಿಳ್ಳೆ. ಸಿಳ್ಳೆಯಲ್ಲಿ ತಪ್ಪು ಕನ್ನಡ ಇರುವುದಿಲ್ಲವಲ್ಲ.

ಕೆಲವು ತಿಂಗಳ ಮೇಲೆ ಆ ಸ್ಪರ್ಧೆ ಟಿ.ವಿ.ಯಲ್ಲಿ ಬಂತು, ಒಂದು ಭಾನುವಾರ ಮಧ್ಯಾಹ್ನ. ಊರಿನ ಮಕ್ಕಳೆಲ್ಲ ನನ್ನ ಮನೆಯಲ್ಲಿ ತುಂಬಿದರು. ಮಾಳಮ್ಮನೂ ಬಂದು ಬಾಗಿಲ ಹತ್ತಿರ ಕೂತಳು. ನಮ್ಮ ದೇಶದಿಂದ ಬೇರೆ ಯಾವುದೋ ಪೇಟೆಯ ಹುಡುಗ ಹೋಗಿದ್ದ, ಚೆನ್ನಾಗಿಯೇ ಹಾಡಿದ. ಒಂದೊಂದು ದೇಶದ ಮಗು ಒಂದೊಂದು ಮಾತಿನಲ್ಲಿ ಹಾಡುತ್ತಿತ್ತು, ಒಂದು ಪದವೂ ನಮಗೆ ತಿಳಿಯುತ್ತಿರಲಿಲ್ಲ. ನಡುವೆ ದಪ್ಪ ಉಣ್ಣೆಯ ಬಟ್ಟೆ ತೊಟ್ಟ ಒಬ್ಬ ಹುಡುಗಿ ಬಂದಳು. ಹಾಡಿನ ಕೊನೆಗೆ ತಲೆ ಹಿಂದಕ್ಕೆ ಚೆಲ್ಲಿ, ಬೆಟ್ಟದ ಆ ಕಡೆ ಯಾರನ್ನೋ ಕರೆದ ಹಾಗೆ ಒಂದು ಕೂಗು ಹಾಕಿದಳು. ಅಷ್ಟು ದೊಡ್ಡ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮಕ್ಕಳ ಗಲಾಟೆಯ ನಡುವೆ ಮಾಳಮ್ಮ ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು: “ಅಕ್ಕೋರೆ, ಆಕಿ ಸುದ್ದ ಮಾತು ಆಡ್ಯಾಳೇನ್ರಿ?”

ಇನ್ನೊಂದು ಅವಕಾಶ ಅದು. ದೇವರು ಎಷ್ಟು ಸಲ ಕೊಡುತ್ತಾನೆ?

“ಹೂಂ,” ಎಂದೆ.

ಹೈಸ್ಕೂಲಿಗೆ ಅವಳು ಬೇರೆ ಊರಿಗೆ ಹೋದಳು, ನನಗೂ ವರ್ಗವಾಯಿತು. ಬೀರಪ್ಪ ತೀರಿಕೊಂಡ ಸುದ್ದಿ ಯಾರಿಂದಲೋ ಬಂತು. ಹೋಗಿ ಮಾತಾಡಿಸಿಕೊಂಡು ಬರಬೇಕಾಗಿತ್ತು, ಕಾಲು ಏಳಲಿಲ್ಲ. ಉಡಿಯಲ್ಲಿ ಹಾಕಿದ್ದನ್ನು ಕೇಳಲು ಇನ್ನು ಅವನಿಲ್ಲ ಎಂದು ಒಳಗೊಳಗೆ ಹಗುರವಾಯಿತೋ ಏನೋ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಹೋದ ತಿಂಗಳು ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಕೂಡ್ಲಿಗಿಗೆ ಬರಲು ಕಾಯುತ್ತಿದ್ದೆ. ಯಾರೋ ಬಂದು ಕಾಲು ಮುಟ್ಟಿದರು. ತಲೆ ಎತ್ತಿದರೆ ಮೂವತ್ತು ದಾಟಿದ ಹೆಣ್ಣುಮಗಳು, ಕೈ ಹಿಡಿದ ಐದು ವರ್ಷದ ಮಗ. ಗುರುತು ಸಿಗಲು ಹೊತ್ತು ಹಿಡಿಯಿತು.

“ನಾನು ಮಾಳಮ್ಮ, ಅಕ್ಕೋರೆ. ಚೆನ್ನಾಗಿದ್ದೀರಾ? ನಾನು ಇಲ್ಲೇ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಟೀಚರ್ ಆಗಿದ್ದೇನೆ.”

ಆ ಮಾತು ಅವಳದಲ್ಲ. ಅಕ್ಷರಕ್ಕೆ ಅಕ್ಷರ ನನ್ನದು. ನಾನು ನಿಲ್ಲುವಲ್ಲಿ ನಿಲ್ಲುತ್ತಿದ್ದಳು, ನಾನು ಒತ್ತುವಲ್ಲಿ ಒತ್ತುತ್ತಿದ್ದಳು.

ಅಷ್ಟರಲ್ಲಿ ಹುಡುಗ ಅವಳ ಸೆರಗು ಜಗ್ಗಿ ಕುಣಿದ. “ಅವ್ವಾ, ಬಸ್ ಬಂದೈತಿ! ಬಸ್ ಬಂದೈತೀ!”

ಎಂಥ ಧ್ವನಿ! ನಿಲ್ದಾಣದಲ್ಲಿ ನಾಲ್ಕು ಜನ ತಿರುಗಿ ನೋಡಿದರು. ಮಾಳಮ್ಮ ಬೆರಳು ಎತ್ತಿದಳು.

“ಬಂದೈತಿ ಅಲ್ಲ. ಬಂದಿದೆ. ಎಲ್ಲಿ, ಹೇಳು?”

ಹುಡುಗ ಬಾಯಿ ಮುಚ್ಚಿಕೊಂಡ. ಅವಳು ನನ್ನ ಕಡೆ ತಿರುಗಿ ನಕ್ಕಳು, ಲೆಕ್ಕ ಸರಿಯಾಗಿ ಬಿಡಿಸಿದ ಮಗು ನಗುವಂತೆ. “ನೀವು ಕಲಿಸಿದ್ದು ಅಕ್ಕೋರೆ. ನಾನು ಮರೆತಿಲ್ಲ. ಅಂಗನವಾಡಿಯಲ್ಲೂ ಹೀಗೇ ತಿದ್ದುತ್ತೇನೆ.”

“ಹಾಡುತ್ತೀಯಾ, ಮಾಳಿ?” ಎಂದೆ.

“ಇಲ್ಲ ಅಕ್ಕೋರೆ. ಹಾಡು ನನಗೆ ಬರುವುದಿಲ್ಲ. ನಿಮಗೇ ಗೊತ್ತಿದೆಯಲ್ಲ.”

ವ್ಯಂಗ್ಯ ಇರಲಿಲ್ಲ, ನೋವೂ ಇರಲಿಲ್ಲ. ತನ್ನ ಎತ್ತರ, ಬಣ್ಣ ಹೇಳಿದ ಹಾಗೆ ಹೇಳಿದಳು. ಬಸ್ಸಿನವನು ಕೂಗಿದ, ತಾಯಿ ಮಗ ಓಡಿದರು. ಕಿಟಕಿಯಿಂದ ಕೈ ಬೀಸಿದಳು. ನಾನೂ ಬೀಸಿದೆ. ಹೇಳಲಿಲ್ಲ, ಅವತ್ತೂ ಹೇಳಲಿಲ್ಲ.

ಕೋಳಿ ಕೂಗಿದ್ದ ಆ ಮೊದಲ ಕ್ಯಾಸೆಟ್ಟು ನನ್ನ ಟ್ರಂಕಿನಲ್ಲೇ ಇತ್ತು. ಅದನ್ನು ಹಾಕುವ ಟೇಪ್ ರೆಕಾರ್ಡರ್ ಹುಡುಕಿ, ರಿಪೇರಿ ಮಾಡಿಸಲು ಮೂರು ವಾರ ಹಿಡಿಯಿತು. ನಿನ್ನೆ ಬೆಳಿಗ್ಗೆ ಕೇಳಿದೆ. ಸರ ಸರ ಸದ್ದು, ಕೋಳಿ, ಆಮೇಲೆ ಅವಳು. ಮಳಿ ಎಲ್ಲೈತೀ— ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಹಾಡು ಮುಗಿದ ಮೇಲೂ ಟೇಪು ಓಡುತ್ತಿತ್ತು. ಅಲ್ಲಿ ಇನ್ನೂ ಏನೋ ಇದೆ ಎನ್ನುವುದೇ ನನಗೆ ಮರೆತಿತ್ತು. ಪುಟ್ಟ ದನಿ ಕೇಳುತ್ತದೆ: “ಹಾಡು ಬಂತೇನ್ರಿ ಅಕ್ಕೋರೆ?”

ಅದರ ಬೆನ್ನಿಗೇ ನನ್ನ ಧ್ವನಿ: “ಐತಿ ಅಲ್ಲ, ಇದೆ.” ಟಕ್ ಎಂದು ಟೇಪು ನಿಲ್ಲುತ್ತದೆ.

ಜೀವಮಾನದಲ್ಲಿ ಮೊದಲ ಸಲ ತನ್ನ ಹಾಡನ್ನು ಒಬ್ಬರ ಮುಂದೆ ಇಟ್ಟು ಕೇಳಿದ ಕೂಸಿಗೆ ಸಿಕ್ಕ ಉತ್ತರ ಅದು.

ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಟೇಪ್ ರೆಕಾರ್ಡರ್ ಚೀಲದಲ್ಲಿದೆ. ಅವಳ ಅಂಗನವಾಡಿಯನ್ನು ಕೇಳಿಕೊಂಡು ಹೋಗಿ, ಮಕ್ಕಳು ಮನೆಗೆ ಹೋಗುವವರೆಗೆ ಕಾದು, ಎಲ್ಲ ಹೇಳುತ್ತೇನೆ. ನೀನು ಸೋತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದೇ ಆ ‘ಐತಿ’. ನಾಲ್ಕು ಗಂಟೆಯವರೆಗೆ ಕಾದರು. ನಿನ್ನನ್ನು ಬಸ್ಸಿಗೆ ಹತ್ತಿಸಿದವಳು ನಾನು. ಅವಳು ಬೈಯಲಿ, ಬಾಗಿಲು ಹಾಕಿಕೊಳ್ಳಲಿ. ಎಲ್ಲಕ್ಕಿಂತ ನನಗೆ ಹೆದರಿಕೆ ಏನೆಂದರೆ, ಅವಳು ಹಿಂದಿನ ಹಾಗೇ ತಗ್ಗಿ ‘ಇರಲಿ ಬಿಡಿ ಅಕ್ಕೋರೆ’ ಎಂದುಬಿಟ್ಟರೆ. ಹಾಗೆಂದರೂ ಆ ‘ಬಿಡಿ’ಯನ್ನು ನಾನು ಬಿಡುಗಡೆ ಎಂದು ತೆಗೆದುಕೊಳ್ಳುವುದಿಲ್ಲ. ನನ್ನನ್ನು ಕ್ಷಮಿಸುವ ಕೆಲಸವನ್ನೂ ಅವಳ ತಲೆಗೆ ಕಟ್ಟಲು ನಾನು ಹೋಗುತ್ತಿಲ್ಲ.

ಅವಳ ಆ ಪ್ರಶ್ನೆಗೆ ಉತ್ತರ ಬಾಕಿ ಇದೆ, ಅದಕ್ಕೆ ಹೋಗುತ್ತಿದ್ದೇನೆ. ‘ಬಂತೇನ್ರಿ’ ಎಂದು ಕೇಳಿದ್ದಳಲ್ಲ, ಅದಕ್ಕೆ ಅವಳ ಮಾತಿನಲ್ಲೇ, ‘ಬಂದೈ—’

ನಿನ್ನೆಯಿಂದ ಅಡುಗೆಮನೆಯಲ್ಲಿ ಒಬ್ಬಳೇ ಹೇಳಿ ನೋಡುತ್ತಿದ್ದೇನೆ. ಬಾಯಿ ತೆರೆದರೆ ‘ಬಂದಿದೆ ಮಾಳಿ’ ಎಂದೇ ಬರುತ್ತದೆ. ಮತ್ತೆ ಹೇಳಿದರೂ ‘ಬಂದಿದೆ’. ಅವ್ವನ ಮಾತು, ನಾಲಿಗೆಯ ತುದಿಯವರೆಗೆ ಬಂದು ಹಿಂದೆ ಹೋಗುತ್ತದೆ. ಹಗರಿಬೊಮ್ಮನಹಳ್ಳಿ ಮುಟ್ಟಲು ಒಂದೂವರೆ ತಾಸು ಬೇಕು. ಅಷ್ಟರಲ್ಲಿ ಕಲಿತುಕೊಳ್ಳಬೇಕು.